ಮಿರಗದಿಂದ ಶುರುವಾಗುವ ವರ್ಷ

ಇತಿಹಾಸದಲ್ಲಿ ಬಿ.ಎ. ಓದಲು ನಾನು ಧಾರವಾಡದಿಂದ ಪುಣೆಯ ಒಂದು ಚಿಕ್ಕ ಕಲಾ ಕಾಲೇಜಿಗೆ ಹೊರಟಾಗ, ಊರಲ್ಲೇ ಅಷ್ಟೊಂದು ಕಾಲೇಜುಗಳಿರುವಾಗ ಅಲ್ಲಿಗೇಕೆ ಎಂದು ಕೇಳದವರಿರಲಿಲ್ಲ. ಆಗ ಹೇಳಲು ತಿಳಿಯದ ಉತ್ತರ ಮೂರನೆಯ ವರ್ಷದಲ್ಲಿರುವ ನನಗೆ ಈಗ ತಿಳಿದಿದೆ. ನಮ್ಮ ತರಗತಿಯಲ್ಲಿ ಇರುವುದು 11 ಜನ. ಹಾಗಾಗಿ ಒಂದು ಹಳೆಯ ಕಾಗದದ ಒಂದೇ ಪುಟವನ್ನು ಮೇಜಿನ ನಡುವೆ ಇಟ್ಟುಕೊಂಡು, ಒಬ್ಬರಾದ ಮೇಲೊಬ್ಬರು ತಪ್ಪುತ್ತ ತಿದ್ದಿಕೊಳ್ಳುತ್ತ, ಎರಡು ತಾಸು ಓದುವ ಪುರುಸೊತ್ತು ನಮಗೂ ನಮ್ಮ ಮೇಡಂಗೂ ಇದೆ.

ಪುಣೆಯ ಪೇಶವೆ ದಫ್ತರದಲ್ಲಿ, ಅಂದರೆ ಪೇಶವೆಯರ ಆಡಳಿತದ ದಾಖಲೆಗಳ ಭಂಡಾರದಲ್ಲಿ, ಇಂಥ ಕಾಗದಗಳು ಕೋಟಿಗಟ್ಟಲೆ ಇವೆ. ಬಟ್ಟೆಯಲ್ಲಿ ಕಟ್ಟಿಟ್ಟ ಆ ಗಂಟುಗಳಿಗೆ ರುಮಾಲು ಎಂದೇ ಹೆಸರು. 1930ರ ದಶಕದಲ್ಲಿ ಇತಿಹಾಸಕಾರ ಗೋ. ಸ. ಸರ್‌ದೇಸಾಯಿ ಅವರು ಆಯ್ದ ಕಾಗದಗಳನ್ನು 45 ಸಂಪುಟಗಳಲ್ಲಿ ಪ್ರಕಟಿಸಿದರು. ಅದು ಒಟ್ಟು ರಾಶಿಯ ತೀರ ಸಣ್ಣ ಪಾಲು. ಉಳಿದದ್ದನ್ನು ಓದಬೇಕೆಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ ಬರಲೇಬೇಕು. ಮೊದಲು ಪುಟದ ಉದ್ದಕ್ಕೂ ಒಂದು ಗೆರೆ ಎಳೆದು, ಅದಕ್ಕೆ ಅಕ್ಷರಗಳನ್ನು ತೂಗುಹಾಕಿದಂತೆ, ಬೋರುವನ್ನು (ಜೊಂಡಿನ ಲೇಖನಿಯನ್ನು) ಆದಷ್ಟೂ ಎತ್ತದೆ ಬರೆದುಕೊಂಡು ಹೋಗುವ ಲಿಪಿ ಅದು. ಪದಗಳ ನಡುವೆ ಜಾಗವಿಲ್ಲ, ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘದ ಭೇದವೂ ಇಲ್ಲ. ಒಂದು ದೀರ್ಘ ತಪ್ಪಿದರೆ ಅರ್ಥವೇ ಬದಲಾಗುವ ಕನ್ನಡದಲ್ಲಿ ಕಲಿತು ಬಂದ ನನಗೆ ಮೊದಲ ಆರು ತಿಂಗಳು ಕಣ್ಣು ಕಟ್ಟಿದಂತಿತ್ತು.

ಹೋದ ವರ್ಷ ಅಭ್ಯಾಸಕ್ಕೆಂದು ಕೊಟ್ಟ ಒಂದು ಪ್ರತಿಯಲ್ಲಿ ‘ಇಹಿದೇ ತಿಸೈನ್ ಮಯಾ ವ ಅಲಫ್’ ಎಂದಿತ್ತು. ನನ್ನ ಪಕ್ಕದಲ್ಲಿ ಕೂರುವ ಅಕ್ಕಲಕೋಟದ ಗೆಳತಿ ಮರಾಠಿ ಶಾಲೆಯಲ್ಲಿ ಓದಿ ಮನೆಯಲ್ಲಿ ಕನ್ನಡ ಆಡುವವಳು. ಅಕ್ಷರ ಬಿಡಿಸಿದ್ದು ಅವಳೇ. ಇದು ಅರಬ್ಬಿ ಎಣಿಕೆ, ಒಂದು, ತೊಂಬತ್ತು, ನೂರು, ಸಾವಿರ, ಅಂದರೆ ಮರಾಠರ ಕಾಗದಗಳಲ್ಲಿ ಬಳಸುತ್ತಿದ್ದ ಶುಹೂರ್ ಸನ್ ಎಂಬ ಶಕೆಯ 1191 ಎಂದು ಮೇಡಂ ವಿವರಿಸಿದರು. ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬಂದಾಗ ಈ ವರ್ಷ ಶುರುವಾಗುವುದರಿಂದ ಇದಕ್ಕೆ ಮೃಗಸಾಲ ಎಂಬ ಹೆಸರೂ ಇದೆ. ನಮ್ಮ ಕಡೆ ರೈತರು ಬಿತ್ತಿಗೆಗೆ ಕಾಯುವ ಮಿರಗದ ಮಳೆಯೇ ಪೇಶವೆಯರ ಲೆಕ್ಕದ ಪುಸ್ತಕಕ್ಕೂ ಹೊಸ ವರ್ಷ ತರುತ್ತಿತ್ತೆಂದು ತಿಳಿದಾಗ ಆದ ಸಂತೋಷ ಇನ್ನೂ ಹಾಗೇ ಇದೆ.

ಶುಹೂರ್ ಸನ್ನನ್ನು ಕ್ರಿಸ್ತಶಕಕ್ಕೆ ತರಲು 1191ಕ್ಕೆ 599 ಕೂಡಿಸಿದರೆ 1790. ಆ ಮಿರಗದಿಂದ ಮುಂದಿನ ಮಿರಗದೊಳಗೆ ನಮ್ಮೂರಿನಲ್ಲಿ ನಡೆದದ್ದೇನು? ಮರಾಠಾ ಸರದಾರ ಪರಶುರಾಮ ಭಾವು ಪಟವರ್ಧನನ ಸೈನ್ಯ, ಇಂಗ್ಲಿಷರ ಮುಂಬಯಿ ತುಕಡಿಯೊಂದನ್ನು ಜತೆಗಿಟ್ಟುಕೊಂಡು, ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನನ ಕೈಯಲ್ಲಿದ್ದ ಧಾರವಾಡದ ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿ 1791ರ ಏಪ್ರಿಲ್‌ನಲ್ಲಿ ವಶಪಡಿಸಿಕೊಂಡಿತು. ಇಂದು ಉಳಿದಿರುವ ಆ ಕೋಟೆಯ ಬಾಗಿಲ ಮುಂದೆಯೇ ನಾನು ಶಾಲೆಗೆ ನಡೆದು ಹೋಗುತ್ತಿದ್ದೆ. ಅದೇ ವರ್ಷ ಅದೇ ಸೈನ್ಯದ ಬೆನ್ನಿಗಿದ್ದ ಪಿಂಡಾರಿಗಳು ಶೃಂಗೇರಿಯನ್ನು ಲೂಟಿ ಮಾಡಿದರು. ಶಾರದೆಯ ಪುನಃಪ್ರತಿಷ್ಠೆಗೆ ನೆರವು ಕಳಿಸಿ ಟಿಪ್ಪು ಅಲ್ಲಿನ ಮಠದ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆದ ಪತ್ರಗಳು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರಿಗೆ ಮಠದಲ್ಲಿ ಸಿಕ್ಕವು. ಈ ಸಂಗತಿಗಳು ಬೇರೆ ಬೇರೆ ಪಾಠಗಳಲ್ಲಿ ಬಂದಿದ್ದರಿಂದ, ಧಾರವಾಡವೂ ಶೃಂಗೇರಿಯೂ ಒಂದೇ ದಂಡಿನ ದಾರಿಯಲ್ಲಿದ್ದವೆಂಬುದು ನನಗೆ ಅಂದಿನವರೆಗೆ ಹೊಳೆದಿರಲಿಲ್ಲ.

ಆ ರಾತ್ರಿ ಮನೆಗೆ ಫೋನ್ ಮಾಡಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಕಿಲ್ಲೇದ ಹಕೀಕತ್ತು ಅಲ್ಲೇ ಕುಂತದ ಅಂದ್ರ, ಪೂರಾ ಓದೇ ಬಾ ಯವ್ವಾ” ಎಂದರು.

ಕೊನೆಯ ವರ್ಷದ ಪ್ರಬಂಧಕ್ಕೆ ಗೆಳತಿಯೂ ನಾನೂ ಆ ಮುತ್ತಿಗೆಯನ್ನೇ ಆರಿಸಿಕೊಂಡಿದ್ದೇವೆ. ಕಾಳಗಕ್ಕಿಂತ ಹೆಚ್ಚಾಗಿ, ಅಷ್ಟು ಜನಕ್ಕೂ ದನಕರುಗಳಿಗೂ ಸುತ್ತಲ ಹಳ್ಳಿಗಳಿಂದ ಕಾಳು, ಕಣಿಕೆ ಹೇಗೆ ಬಂದವು, ಅದರ ಬೆಲೆ ತೆತ್ತವರು ಯಾರು ಎಂಬುದನ್ನು ಹುಡುಕಬೇಕೆಂದಿದ್ದೇವೆ. ರುಮಾಲಿನ ಕಾಗದಗಳನ್ನು ಅವಳು ಬಿಡಿಸುತ್ತಾಳೆ. ಕನ್ನಡದ ಕಡತಗಳನ್ನು ನಾನು ನೋಡಬೇಕು. ಹುಣಸೆ ಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯನ್ನು ಮಡಿಚಿ ಮಾಡಿದ ಆ ಕಡತಗಳಲ್ಲಿ ಒಂದನ್ನೂ ನಾನು ಇನ್ನೂ ಕೈಯಲ್ಲಿ ಹಿಡಿದಿಲ್ಲ. ದೀಪಾವಳಿ ರಜೆಗೆ ಊರಿಗೆ ಹೋದಾಗ ಅಲ್ಲಿಂದಲೇ ಶುರುಮಾಡುತ್ತೇನೆ.