ಪ್ರೀಮಿಯಂ ಎಕಾನಮಿ: ರಾತ್ರಿ ವಿಮಾನಕ್ಕೆ ಸರಿ, ಹಗಲಿಗೆ ಬೇಕಾ?

ಹೋಗುವಾಗ ಪ್ರೀಮಿಯಂ ಎಕಾನಮಿ (ಎಕಾನಮಿಗೂ ಬಿಸಿನೆಸ್ ಕ್ಲಾಸಿಗೂ ನಡುವಿನ ದರ್ಜೆ), ಬರುವಾಗ ಮಾಮೂಲಿ ಎಕಾನಮಿ. ಈ ಸಲ ನಾನು, ನನ್ನ ಹೆಂಡತಿ ಬೇಕೆಂದೇ ಹೀಗೆ ಟಿಕೆಟ್ ಮಾಡಿಸಿದೆವು. ಹೋಗುವ ವಿಮಾನ ರಾತ್ರಿಯದು, ಬರುವುದು ಹಗಲಿನದು. ಎರಡೂ ಹೆಚ್ಚುಕಡಿಮೆ 14 ಗಂಟೆಯ ಹಾರಾಟ. ಒಂದೇ ಪ್ರವಾಸದಲ್ಲಿ ಎರಡೂ ಕಡೆ ಕೂತಿದ್ದರಿಂದ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು.

ಹೆಸರಿನ ಗೊಂದಲವನ್ನು ಮೊದಲು ಮುಗಿಸಿಬಿಡೋಣ. ಬುಕ್ ಮಾಡುವಾಗ 'ಪ್ಲಸ್', 'ಎಕ್ಸ್‌ಟ್ರಾ' ಅಂತ ಏನೇನೋ ಕಾಣುತ್ತದೆ. ಅವೆಲ್ಲ ಪ್ರೀಮಿಯಂ ಎಕಾನಮಿ ಅಲ್ಲ. ಯುನೈಟೆಡ್ ಏರ್‌ಲೈನ್ಸ್‌ನ 'ಎಕಾನಮಿ ಪ್ಲಸ್' ಅಂದರೆ ಅದೇ ಎಕಾನಮಿ ಸೀಟು, ಮಂಡಿಯ ಮುಂದೆ ಒಂದಿಷ್ಟು ಜಾಗ ಜಾಸ್ತಿ, ಅಷ್ಟೇ. ಅದೇ ಕಂಪನಿಯ 'ಪ್ರೀಮಿಯಂ ಪ್ಲಸ್' ಮಾತ್ರ ಬೇರೆ ಕ್ಯಾಬಿನ್, ಬೇರೆ ಸೀಟು. ಎರಡರ ಬೆಲೆಯಲ್ಲೂ ತುಂಬಾ ಅಂತರ. ಹೆಸರು ನೋಡಿ ಮೋಸಹೋಗಬೇಡಿ, ಸೀಟಿನ ಅಗಲ ಎಷ್ಟಿದೆ ನೋಡಿ.

ಈ ಕ್ಲಾಸು ಹುಟ್ಟಿದ್ದು 1990ರ ದಶಕದ ಆರಂಭದಲ್ಲಿ. ತೈವಾನಿನ ಇವಾ ಏರ್ ಮತ್ತು ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ ಇದನ್ನು ಶುರುಮಾಡಿದವು. ಈಗ ಸಿಂಗಪುರದಿಂದ ನ್ಯೂಯಾರ್ಕಿಗೆ ನೇರವಾಗಿ ಹಾರುವ ಸಿಂಗಪುರ್ ಏರ್‌ಲೈನ್ಸ್ ವಿಮಾನದಲ್ಲಿ ಎಕಾನಮಿಯೇ ಇಲ್ಲ. ಕಡಿಮೆ ದರ್ಜೆ ಅಂದರೆ ಅಲ್ಲಿ ಪ್ರೀಮಿಯಂ ಎಕಾನಮಿಯೇ. ಸುಮಾರು 18 ಗಂಟೆಯ ಹಾರಾಟ ಅದು.

ಸೀಟಿನ ಲೆಕ್ಕಕ್ಕೆ ಬರೋಣ. ಎಕಾನಮಿಯಲ್ಲಿ ಒಂದು ಸೀಟಿಗೂ ಅದರ ಮುಂದಿನ ಸೀಟಿಗೂ ನಡುವಿನ ಅಂತರ ಸಾಮಾನ್ಯವಾಗಿ 31-32 ಇಂಚು. ಪ್ರೀಮಿಯಂನಲ್ಲಿ 38 ಇಂಚು, ಎಮಿರೇಟ್ಸ್‌ನಂಥ ಕಡೆ 40. ಎಲ್ಲರೂ ಮಾತಾಡುವುದು ಈ ಆರೇಳು ಇಂಚಿನ ಬಗ್ಗೆಯೇ. ನನಗೆ ಮುಖ್ಯ ಅನ್ನಿಸಿದ್ದು ಅಗಲ. ಎಕಾನಮಿ ಸೀಟು 17-18 ಇಂಚು, ಪ್ರೀಮಿಯಂ 19ರ ಆಸುಪಾಸು. ಒಂದೆರಡು ಇಂಚಿಗೆ ಏನು ಮಹಾ ಅನ್ನಬೇಡಿ. ಅದರ ಜೊತೆಗೆ ನಡುವಿನ ಕೈಯಾನಿಕೆಯೂ ಅಗಲವಾಗಿರುತ್ತದೆ. ಪಕ್ಕದವರ ಮೊಣಕೈ ಅವರ ಕಡೆ, ನಮ್ಮದು ನಮ್ಮ ಕಡೆ. ನಡುರಾತ್ರಿಯಲ್ಲಿ ಯಾರೂ ತಿವಿದು ಎಬ್ಬಿಸಲಿಲ್ಲ. ಬರುವಾಗ ಮೂರರ ಸಾಲಿನ ನಡುವಿನ ಸೀಟು ನನ್ನದು. ಎಡಕ್ಕೆ ಹೆಂಡತಿ, ಬಲಕ್ಕೆ ಭುಜ ಅಗಲದ ಒಬ್ಬ ಸಜ್ಜನರು. ಪಾಪ, ಅವರದೇನೂ ತಪ್ಪಿಲ್ಲ. ಆದರೂ ದಾರಿಯುದ್ದಕ್ಕೂ ಕೈ ಮುದುಡಿಕೊಂಡೇ ಕೂತಿದ್ದೆ.

ಆದ್ದರಿಂದ ಯಾವ ವಿಮಾನ ಅಂತ ನೋಡುವುದು ಮುಖ್ಯ. ಬೋಯಿಂಗ್ 777ರ ಎಕಾನಮಿಯಲ್ಲಿ ಈಗ ಹೆಚ್ಚಿನ ಕಂಪನಿಗಳು ಒಂದು ಸಾಲಿಗೆ 10 ಸೀಟು ಹಾಕುತ್ತವೆ. ಅದೇ ವಿಮಾನದ ಪ್ರೀಮಿಯಂನಲ್ಲಿ 8. ಬೋಯಿಂಗ್ 787ರಲ್ಲಿ 9ರ ಬದಲು 7. ಏರ್‌ಬಸ್ ಎ350ರಲ್ಲಿ 9ರ ಬದಲು 8, ಅಂದರೆ ಅಲ್ಲಿ ಲಾಭ ಸ್ವಲ್ಪ ಕಡಿಮೆ. ಜಪಾನ್ ಏರ್‌ಲೈನ್ಸ್ ತನ್ನ 787ರ ಎಕಾನಮಿಯಲ್ಲೇ 8 ಸೀಟು ಇಡುತ್ತದೆ. ಅಂಥ ಕಡೆ ಹಗಲು ಪ್ರಯಾಣವಾದರೆ ಜಾಸ್ತಿ ದುಡ್ಡು ಕೊಡಲು ನಾನಂತೂ ಹತ್ತು ಸಲ ಯೋಚಿಸುತ್ತೇನೆ.

ಇನ್ನು ನಿದ್ದೆ. ಸೀಟು ಪೂರ್ತಿ ಮಲಗುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. ಆದರೆ ಎಕಾನಮಿಗಿಂತ ಚೆನ್ನಾಗಿಯೇ ಹಿಂದಕ್ಕೆ ವಾಲುತ್ತದೆ. ತಲೆ ಮುಂದಕ್ಕೆ ಜೋತುಬೀಳದಷ್ಟು ವಾಲಿದರೆ ನಿದ್ದೆ ಬರುತ್ತದೆ. ನನಗೆ ಬಂತು. ನನ್ನ ಹೆಂಡತಿಗೆ ಅರ್ಧ ರಾತ್ರಿ ಕಾಲಿನದೇ ತಾಪತ್ರಯ. ಮೀನಖಂಡಕ್ಕೆ ಆಸರೆ ಕೊಡುವ ಹಲಗೆಯೊಂದು ಸೀಟಿನಡಿಯಿಂದ ಮೇಲೇಳುತ್ತದೆ. ಅದು ಎದ್ದ ಮೇಲೆ ಅವಳ ಪಾದ ಎಲ್ಲಿಗೂ ತಾಗದೆ ತೂಗಾಡುತ್ತಿತ್ತು, ಮೈ ಮೆಲ್ಲಗೆ ಕೆಳಗೆ ಜಾರುತ್ತಿತ್ತು. "ರೀ, ಇದು ನಿಮ್ಮಂಥ ಉದ್ದ ಕಾಲಿನವರಿಗೆ ಮಾಡಿದ್ದು" ಅಂದಳು. ಕೊನೆಗೆ ಆ ಹಲಗೆ ಇಳಿಸಿ, ಕೈಚೀಲವನ್ನು ಪಾದದ ಕೆಳಗೆ ಇಟ್ಟುಕೊಂಡ ಮೇಲೆ ಸರಿಹೋಯಿತು. ಎತ್ತರ ಕಡಿಮೆ ಇರುವವರು ಮುಂದಿನ ಸೀಟಿನ ಬೆನ್ನಿಗೆ ಪಾದ ಇಡುವ ಪಟ್ಟಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಮೊದಲ ಸಾಲಿನಲ್ಲಿ ಈ ಪಟ್ಟಿ ಇರುವುದಿಲ್ಲ. ವಿಮಾನ ಏರುವಾಗ, ಇಳಿಯುವಾಗ ಆ ಸಾಲಿನಲ್ಲಿ ಕಾಲ ಬಳಿ ಚೀಲ ಇಟ್ಟುಕೊಳ್ಳಲೂ ಬಿಡುವುದಿಲ್ಲ.

ಜಾಸ್ತಿ ವಾಲುವ ಸೀಟಿನ ಇನ್ನೊಂದು ಮುಖವೂ ಇದೆ. ಮುಂದಿನವರದೂ ಅಷ್ಟೇ ವಾಲುತ್ತದೆ ಅಲ್ವಾ! ಕಿಟಕಿ ಪಕ್ಕ ಕೂತವರು ಎದ್ದು ಬರಬೇಕಾದರೆ ಸೊಂಟ ಬಗ್ಗಿಸಿ ನುಸುಳಬೇಕು. ಕೆಲವು ಕಂಪನಿಗಳು ಸೀಟಿಗೆ ಗಟ್ಟಿ ಕವಚ ಇಟ್ಟಿರುತ್ತವೆ. ಅದರಲ್ಲಿ ಸೀಟು ಮುಂದಕ್ಕೆ ಜಾರಿ ವಾಲುತ್ತದೆ, ಹಿಂದಿನವರಿಗೆ ತೊಂದರೆಯಿಲ್ಲ. ಮತ್ತೆ, ಪ್ರೀಮಿಯಂನ ಕೈಯಾನಿಕೆಗಳನ್ನು ಸಾಮಾನ್ಯವಾಗಿ ಮೇಲೆತ್ತಲು ಬರುವುದಿಲ್ಲ. ಪಕ್ಕದ ಸೀಟು ಖಾಲಿಯಿದ್ದರೂ ಅಡ್ಡಬೀಳುವಂತಿಲ್ಲ. ಎಕಾನಮಿಯಲ್ಲಿ ಅದೃಷ್ಟವಿದ್ದು ಮೂರು ಸೀಟು ಖಾಲಿ ಸಿಕ್ಕರೆ ಅದು ಪ್ರೀಮಿಯಂಗಿಂತ ಒಳ್ಳೆಯ ಹಾಸಿಗೆ. ವಿಮಾನ ಖಾಲಿ ಹೊಡೆಯುವ ಕಾಲದಲ್ಲಿ ಹೋಗುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಊಟ, ಗಾಜಿನ ಲೋಟ, ದಪ್ಪ ಹೊದಿಕೆ ಇವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಚೆನ್ನಾಗಿದ್ದವು, ಅಷ್ಟೇ. ಅದಕ್ಕಾಗಿ ದುಡ್ಡು ಸುರಿಯಬೇಕಿಲ್ಲ. ವಿಮಾನ ನಿಲ್ದಾಣದ ಲೌಂಜ್ ಹೆಚ್ಚಿನ ಕಂಪನಿಗಳಲ್ಲಿ ಈ ಟಿಕೆಟ್ಟಿಗೆ ಸಿಗುವುದಿಲ್ಲ. ಆದರೆ ಬೇಗ ಇಳಿಯಲು ಸಿಗುತ್ತದೆ. ವಲಸೆ ತಪಾಸಣೆಯ ಸಾಲಿನಲ್ಲಿ ನೂರಾರು ಜನರಿಗಿಂತ ಮುಂದೆ ನಿಂತಾಗ ಅದರ ಬೆಲೆ ಗೊತ್ತಾಗುತ್ತದೆ.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯಕ್ಕೆ ದೊಡ್ಡ ಸೀಟು ತೆಗೆದುಕೊಳ್ಳುವವರೂ ಇದ್ದಾರೆ. ಇದಕ್ಕೆ ಮುಖ್ಯ ಕಾರಣ ಸೀಟಿನ ದರ್ಜೆಯಲ್ಲ, ಗಂಟೆಗಟ್ಟಲೆ ಅಲ್ಲಾಡದೆ ಕೂರುವುದು. 4 ಗಂಟೆ ಮೀರಿದ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2007ರಲ್ಲಿ ಹೇಳಿತ್ತು. ಬಸ್ಸು, ರೈಲು, ಕಾರಿಗೂ ಇದೇ ಮಾತು. ಯಾವ ಕ್ಲಾಸಿನಲ್ಲಿ ಕೂತರೂ ಆಗಾಗ ಎದ್ದು ಓಡಾಡಿ. ಮೊದಲೇ ಇಂಥ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಹೊರಡಿ.

ದುಡ್ಡಿನ ವಿಷಯ. ಪ್ರೀಮಿಯಂ ದರ ಎಕಾನಮಿಯ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನವರೆಗೆ ಓಡಾಡುವುದು ಸಾಮಾನ್ಯ. ಆ ಹೆಚ್ಚುವರಿ ಹಣವನ್ನು ಹಾರಾಟದ ಗಂಟೆಗಳಿಂದ ಭಾಗಿಸಿ ಅಂತ ಹೇಳುತ್ತಾರೆ. ನಾನು ನಿದ್ದೆ ಮಾಡಬಹುದಾದ ಗಂಟೆಗಳಿಂದ ಭಾಗಿಸುತ್ತೇನೆ. ರಾತ್ರಿ ವಿಮಾನದಲ್ಲಿ ಏಳೆಂಟು ಗಂಟೆ ಸಿಗುತ್ತದೆ. ಹಗಲಿನದರಲ್ಲಿ ಸಿನಿಮಾ ನೋಡಿ, ಓಡಾಡಿ ಕಾಲ ತಳ್ಳಬಹುದು. ಬರುವಾಗ ನಾವು ಮಾಡಿದ್ದು ಅದೇ. ಸೊಂಟ ಹಿಡಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಇಳಿದ ರಾತ್ರಿ ಮನೆಯಲ್ಲೇ ಮಲಗಿದ್ದರಿಂದ ಮರುದಿನಕ್ಕೆ ಸರಿಯಾಯಿತು.

ಬ್ರಿಟನ್ನಿನಿಂದ ಹೊರಡುವವರು ಒಂದು ಗಮನಿಸಿ. ಅಲ್ಲಿನ ವಿಮಾನ ಪ್ರಯಾಣಿಕರ ತೆರಿಗೆಯಲ್ಲಿ ಕಡಿಮೆ ದರ ಇರುವುದು ವಿಮಾನದ ಅತಿ ಕೆಳಗಿನ ದರ್ಜೆಗೆ ಮಾತ್ರ. ಎಕಾನಮಿ ಇರುವ ವಿಮಾನದಲ್ಲಿ ಪ್ರೀಮಿಯಂನಲ್ಲಿ ಕೂತರೆ ಬಿಸಿನೆಸ್ ಕ್ಲಾಸಿನವರು ಕಟ್ಟುವಷ್ಟೇ ತೆರಿಗೆ. ಪ್ರೀಮಿಯಂ ಒಂದೇ ಕಡೆಗೆ ಸಾಕು ಅನ್ನುವವರು ಅಲ್ಲಿಂದ ಹೊರಡುವ ವಿಮಾನಕ್ಕೆ ಎಕಾನಮಿ ಇಟ್ಟುಕೊಂಡರೆ ಲಾಭ.

ನಡುವೆ ವಿಮಾನ ಬದಲಾಯಿಸುವುದಿದ್ದರೆ ಟಿಕೆಟ್ಟಿನ ಎರಡೂ ಭಾಗ ಬಿಡಿಸಿ ನೋಡಿ. ಚಿಕ್ಕ ವಿಮಾನದಲ್ಲಿ ಪ್ರೀಮಿಯಂ ಕ್ಯಾಬಿನ್ನೇ ಇಲ್ಲದೆ ಎಕಾನಮಿಯಲ್ಲಿ ಕೂರಿಸುವುದು ಮಾಮೂಲು. ಮೊದಲು ಎಕಾನಮಿ ತೆಗೆದು, ಆಮೇಲೆ ಬಿಡ್ ಮಾಡಿ, ಅಂದರೆ ಇಷ್ಟು ಹೆಚ್ಚು ಕೊಡುತ್ತೇನೆ ಅಂತ ಕಂಪನಿಗೆ ಹೇಳಿ, ಅವರು ಒಪ್ಪಿದರೆ ಮೇಲಿನ ಕ್ಲಾಸಿಗೆ ಹೋಗುವ ದಾರಿಯೂ ಇದೆ. ಅಲ್ಲಿ ತೋರಿಸುವ ಮೊತ್ತ ಸಾಮಾನ್ಯವಾಗಿ ಒಬ್ಬರಿಗೆ, ಒಂದು ಕಡೆಗೆ. ಇಬ್ಬರಿದ್ದರೆ ಎರಡರಷ್ಟು. ಲಗೇಜಿನ ಮಿತಿ ಮಾತ್ರ ಹಳೇ ಟಿಕೆಟ್ಟಿನದೇ ಉಳಿಯುವುದುಂಟು. ಪೆಟ್ಟಿಗೆ ತುಂಬುವ ಮೊದಲು ಅದನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ.