ಸ್ಪೀಡ್ ಟೆಸ್ಟ್‌ನಲ್ಲಿ 40, ಪಿಂಗ್ 230

ಮೈಸೂರು, ಭಾನುವಾರ, 5 ಅಕ್ಟೋಬರ್ 2025

ದಸರಾ ರಜಕ್ಕೆ ಅಕ್ಕ, ಭಾವ, ಅವರ ಮಗ ಬಂದಿದ್ದಾರೆ. ಹುಡುಗನಿಗೆ ವ್ಯಾಲೊರಂಟ್ ಎಂಬ ಆನ್‌ಲೈನ್ ಶೂಟಿಂಗ್ ಆಟದ ಹುಚ್ಚು. ಜಂಬೂಸವಾರಿ ಮುಗಿದ ರಾತ್ರಿಯಿಂದ ಅವನದ್ದು ಒಂದೇ ರಾಗ: "ಮಾವ, ನಿಮ್ಮನೆ ನೆಟ್ ಸರಿಯಿಲ್ಲ." ಸ್ಪೀಡ್ ಟೆಸ್ಟ್‌ನಲ್ಲಿ 40 ಬಂದರೂ, 30ರ ಆಸುಪಾಸಿನಲ್ಲಿ ಇರುವ ಪಿಂಗ್, ಅಂದರೆ ಆಟ ನಡೆಸುವ ದೂರದ ಕಂಪ್ಯೂಟರ್‌ಗೆ (ಸರ್ವರ್) ಮಾಹಿತಿ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್, ಇದ್ದಕ್ಕಿದ್ದ ಹಾಗೆ 230ಕ್ಕೆ ಹಾರುತ್ತದಂತೆ. ಗೋಡೆ ಹಿಂದೆ ಅವಿತುಕೊಂಡ ಮೇಲೂ ಇವನೇ ಸಾಯುತ್ತಾನೆ. ಸರ್ವರ್ ಪ್ರಕಾರ ಇವನಿನ್ನೂ ಬಯಲಲ್ಲೇ ನಿಂತಿರುತ್ತಾನೆ, ಅಷ್ಟೇ.

ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿದ್ದಾಯಿತು. "ರೂಟರ್ ಆಫ್ ಮಾಡಿ ಆನ್ ಮಾಡಿ ಸರ್" ಅಂದರು. ಆಮೇಲೆ, "100 ಎಂಬಿಪಿಎಸ್ ಪ್ಲಾನ್‌ಗೆ ಹೋಗಿ ಸರ್, ಗೇಮಿಂಗ್‌ಗೆ ಅದೇ ಬೆಸ್ಟ್." ನಮ್ಮದು 40ರ, ಅಂದರೆ ಸೆಕೆಂಡಿಗೆ 40 ಮೆಗಾಬಿಟ್‌ನ ಫೈಬರ್ ಪ್ಲಾನ್, ಅಪ್‌ಲೋಡೂ ಅಷ್ಟೇ. ಈ ಆಟಕ್ಕೆ ಒಂದು ಎಂಬಿಪಿಎಸ್ ಕೂಡ ಬೇಕಾಗುವುದಿಲ್ಲ. ಆದ್ದರಿಂದ ದುಡ್ಡು ಕೊಡುವ ಮೊದಲು ತಡ ಎಲ್ಲಿ ಆಗುತ್ತಿದೆ ಅಂತ ನೋಡೋಣ ಎಂದು ಇವತ್ತು ಕೂತೆ.

ಅವನ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್‌ನ (ಟೈಪ್ ಮಾಡಿ ಆಜ್ಞೆ ಕೊಡುವ ಪರದೆ) ಎರಡು ವಿಂಡೋ ತೆರೆದು ಪಕ್ಕಪಕ್ಕ ಇಟ್ಟೆ. ಎಡಗಡೆ ನಮ್ಮ ರೂಟರ್‌ಗೆ, ಅಂದರೆ 192.168.1.1ಗೆ ಪಿಂಗ್. ಬಲಗಡೆ ಗೂಗಲ್‌ನ ಸರ್ವರ್ 8.8.8.8ಗೆ. ಕೊನೆಯಲ್ಲಿ ಮೈನಸ್ ಟಿ ಹಾಕಿದರೆ ನಿಲ್ಲಿಸುವ ತನಕ ಓಡುತ್ತಲೇ ಇರುತ್ತದೆ. ಲೆಕ್ಕ ಸುಲಭ. ಎಡಗಡೆಯೇ ಏರುಪೇರಾದರೆ ತೊಂದರೆ ಮನೆಯೊಳಗಿನ ವೈ-ಫೈಯದ್ದು. ಎಡ ಶಾಂತವಾಗಿದ್ದು ಬಲ ಮಾತ್ರ ಹಾರಿದರೆ, ರೂಟರ್‌ನಿಂದ ಆಚೆಗೆ ಹೋಗುವ ಹೊಸ್ತಿಲಲ್ಲಿ ಅಥವಾ ಅದರಾಚೆ ಏನೋ ಇದೆ.

ಮೊದಲು ಎಡಗಡೆಯೇ ಕುಣಿಯಿತು. 3, 4, 78, 5, 112. ಅವನು ಕೂರುವುದು ಹಿಂದಿನ ರೂಮಿನಲ್ಲಿ, ರೂಟರ್ ಇರುವುದು ಹಾಲ್‌ನಲ್ಲಿ, ನಡುವೆ ಎರಡು ಇಟ್ಟಿಗೆ ಗೋಡೆ. ಅಲ್ಲಿಗೆ ವೈ-ಫೈಯ 5 ಗಿಗಾಹರ್ಟ್ಸ್ ಬ್ಯಾಂಡ್ ಸರಿಯಾಗಿ ತಲುಪುವುದಿಲ್ಲ. ಲ್ಯಾಪ್‌ಟಾಪ್ ತಾನಾಗಿಯೇ 2.4ಕ್ಕೆ ಇಳಿದಿತ್ತು. ಆ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಬೀದಿಯ ಮನೆಗಳೆಲ್ಲ ಅದರಲ್ಲೇ. ಅಮ್ಮನ ಮೈಕ್ರೋವೇವ್ ಓವನ್ನಿನದ್ದೂ 2.45 ಗಿಗಾಹರ್ಟ್ಸ್, ಅದೂ ಅಡ್ಡ ಬರುತ್ತದೆ. ಚಾನೆಲ್ ಬದಲಿಸುವ ಸರ್ಕಸ್ಸಿಗೆ ನಾನು ಹೋಗಲಿಲ್ಲ. ಅಟ್ಟದಿಂದ ಹಳೆ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ತೆಗೆದು ಹಾಲ್‌ನಿಂದ ರೂಮಿಗೆ ಎಳೆದೆ. ಎಡಗಡೆ 1, 1, 1 ಅಂತ ನೇರ ಗೆರೆ. ಆನ್‌ಲೈನ್ ಆಟಕ್ಕೆ ಕೇಬಲ್ ಬಿಟ್ಟರೆ ಬೇರೆ ದೇವರಿಲ್ಲ, ವೈ-ಫೈ ದೂರಕ್ಕೆ ಮುಟ್ಟಿಸುವ ಎಕ್ಸ್‌ಟೆಂಡರ್ ಮಾರುವವರು ಏನೇ ಹೇಳಲಿ.

ಆದರೆ ಬಲಗಡೆ ಇನ್ನೂ 210, 225. ಅಂದರೆ ಎರಡನೇ ಕಾಯಿಲೆಯೂ ಇದೆ.

ಈಗ ಇಬ್ಬರ ಮೇಲೆ ಅನುಮಾನ: ಕಂಪನಿಯ ಲೈನ್, ಅಥವಾ ನಮ್ಮ ಮನೆಯವರೇ. ಎಲ್ಲರ ಫೋನಿನ, ಟೀವಿಯ ವೈ-ಫೈ ಆಫ್ ಮಾಡಿಸಿದೆ. ಭಾವ ಕ್ರಿಕೆಟ್ ನೋಡುತ್ತಿದ್ದರು, ಸ್ವಲ್ಪ ಮುಖ ಸಿಂಡರಿಸಿದರು. ಪಿಂಗ್ ತಕ್ಷಣ 10ಕ್ಕೆ ಇಳಿಯಿತು. ಪಾಪ, ಲೈನಿನ ತಪ್ಪೇನೂ ಇಲ್ಲ. ಆಮೇಲೆ ಒಂದೊಂದೇ ಸಾಧನ ಆನ್ ಮಾಡುತ್ತಾ ಬಂದೆ. ಟೀವಿ, ಏನೂ ಇಲ್ಲ. ಭಾವನ ಕ್ರಿಕೆಟ್, ಏನೂ ಇಲ್ಲ. ಅಕ್ಕನ ಫೋನ್ ಆನ್ ಆಗಿದ್ದೇ ತಡ, ಬಲಗಡೆ 220.

ಗೂಗಲ್ ಫೋಟೋಸ್ ಬ್ಯಾಕಪ್! ಅಂಬಾರಿ, ಸ್ತಬ್ಧಚಿತ್ರ, ಬನ್ನಿಮಂಟಪದ ಪಂಜಿನ ಕವಾಯತು, ಎಲ್ಲವೂ 4ಕೆಯಲ್ಲಿ. ಒಂದು ನಿಮಿಷದ ವಿಡಿಯೋನೇ ನೂರಾರು ಎಂಬಿ. ಅದೆಲ್ಲ ನಮ್ಮ ಅಪ್‌ಲೋಡ್ ದಾರಿಯಲ್ಲಿ ಸಾಲು ನಿಂತಿದೆ. ನೆಟ್‌ನಲ್ಲಿ ಮಾಹಿತಿ ಹೋಗುವುದು ಪ್ಯಾಕೆಟ್ ಎಂಬ ತುಂಡುಗಳಾಗಿ. ಹುಡುಗನ ಆಟದ ಪುಟಾಣಿ ಪ್ಯಾಕೆಟ್ 1500 ಬೈಟಿನ ವಿಡಿಯೋ ಪ್ಯಾಕೆಟ್‌ಗಳ ಹಿಂದೆ ಕಾಯಬೇಕು. ಇವನು ನಂಬುತ್ತಿದ್ದ ಸ್ಪೀಡ್ ಟೆಸ್ಟ್‌ನ ಆ 40 ಡೌನ್‌ಲೋಡ್‌ನದ್ದು. ತುಂಬಿಕೊಂಡಿದ್ದು ಅಪ್‌ಲೋಡ್.

ರೂಟರ್‌ಗಳಲ್ಲಿ ಪ್ಯಾಕೆಟ್ ಕಳೆದುಹೋಗದಿರಲಿ ಅಂತ ದೊಡ್ಡ ಬಫರ್, ಅಂದರೆ ಪ್ಯಾಕೆಟ್‌ಗಳು ಕಾಯುವ ಜಾಗ, ಇಟ್ಟಿರುತ್ತಾರೆ. ಅದು ಒಂದು ಎಂಬಿ ಎಂದುಕೊಳ್ಳಿ, ಅಂದರೆ 8 ಮೆಗಾಬಿಟ್. 40ರ ಲೈನಿನಲ್ಲಿ ಅದು ಖಾಲಿಯಾಗಲು 200 ಮಿಲಿಸೆಕೆಂಡ್ ಬೇಕು. ಆಟದ ಸರ್ವರ್ ಇರುವ ಮುಂಬೈಗೆ ಹೋಗಿ ಬರುವ 30 ಸೇರಿಸಿ. 230 ಸಿಕ್ಕಿತಲ್ವಾ? 100ರ ಪ್ಲಾನ್ ಹಾಕಿಸಿದ್ದರೆ ಅದೇ ಸಾಲು 80ಕ್ಕೆ ಇಳಿಯುತ್ತಿತ್ತು, ಹೋಗುತ್ತಿರಲಿಲ್ಲ. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಜಿಮ್ ಗೆಟ್ಟಿಸ್ ಎಂಬ ಅಮೆರಿಕದ ಎಂಜಿನಿಯರ್ 2010ರಲ್ಲಿ ತಮ್ಮ ಮನೆಯಿಂದ ದೊಡ್ಡ ಫೈಲ್ ಕಳಿಸುವಾಗ ಇದರ ಬೆನ್ನು ಹತ್ತಿದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಮದ್ದನ್ನೂ ಕೊಟ್ಟರು. ಅವರ ಕೋಡೆಲ್ ಎಂಬ ವಿಧಾನ, ಸಾಲಿನಲ್ಲಿ ಪ್ಯಾಕೆಟ್ ಎಷ್ಟು ಹೊತ್ತು ಕಾಯುತ್ತಿದೆ ಅಂತ ನೋಡುತ್ತದೆ. ಕಾಯುವುದು 5 ಮಿಲಿಸೆಕೆಂಡ್ ಮೀರಿ ಹಾಗೇ ಮುಂದುವರಿದರೆ ಕೆಲವನ್ನು ಬಿಸಾಡಿ, ಕಳಿಸುವವರಿಗೆ ನಿಧಾನ ಮಾಡಿ ಅಂತ ತಿಳಿಸುತ್ತದೆ. ಮದ್ದು ಬಂದು ಇಷ್ಟು ವರ್ಷವಾದರೂ ಕಂಪನಿ ಕೊಟ್ಟ ಡಬ್ಬದಲ್ಲಿ ಅದಿಲ್ಲ.

ಬ್ಯಾಕಪ್ ನಿಲ್ಲಿಸು ಅಂತ ಅಕ್ಕನಿಗೆ ಹೇಳಬಹುದಿತ್ತು. ಆಮೇಲೆ ಭಾವನ ಫೋನ್ ಶುರು ಮಾಡುತ್ತದೆ, ನಾಳೆ ನನ್ನದು. ನನ್ನ ಹತ್ತಿರ ಓಪನ್‌ಡಬ್ಲ್ಯೂಆರ್‌ಟಿ ಎಂಬ ಉಚಿತ ರೂಟರ್ ಸಾಫ್ಟ್‌ವೇರ್ ಹಾಕಿಟ್ಟಿದ್ದ ಇನ್ನೊಂದು ರೂಟರ್ ಇತ್ತು. ಕಂಪನಿ ಡಬ್ಬದ ವೈ-ಫೈ ಆಫ್ ಮಾಡಿ, ಅದರ ಹಿಂದೆ ಇದನ್ನು ಸೇರಿಸಿ, ಫೋನ್, ಟೀವಿ, ಕೇಬಲ್ ಎಲ್ಲವನ್ನೂ ಇದಕ್ಕೇ ತಂದೆ. ಒಂದು ಫೋನ್ ಹಳೆಯದಕ್ಕೇ ಅಂಟಿಕೊಂಡಿದ್ದರೂ ಪ್ರಯೋಜನವಿಲ್ಲ. ಇದರಲ್ಲಿ ಎಸ್‌ಕ್ಯೂಎಂ ಅನ್ನುವ ಪ್ಯಾಕೇಜ್ ಇದೆ. ಒಳಗಿರುವ ಕೇಕ್ ಎಂಬ ಸಾಲು ನಿಭಾಯಿಸುವ ವಿಧಾನ ಕೋಡೆಲ್‌ನ ವಂಶದ್ದೇ. ಎರಡೂ ಕಡೆ ಮಿತಿ 36 ಎಂಬಿಪಿಎಸ್ ಅಂತ ಇಟ್ಟೆ. ಲೈನಿಗಿಂತ ಸುಮಾರು ಹತ್ತು ಪರ್ಸೆಂಟ್ ಕಮ್ಮಿ ಇಡಲೇಬೇಕು. ಆಗ ಸಾಲು ನಿಲ್ಲುವುದು ಕಂಪನಿ ಡಬ್ಬದಲ್ಲಲ್ಲ, ನಮ್ಮ ರೂಟರ್‌ನಲ್ಲಿ.

ಅಕ್ಕನ ಬ್ಯಾಕಪ್ ಓಡುತ್ತಿರುವಾಗಲೇ ಆಟ ಹಚ್ಚಿಸಿದೆ. 34, 36, 33. ಬ್ಯಾಕಪ್ ಚೂರು ನಿಧಾನವಾಗಿದೆ, ಅಕ್ಕನಿಗೆ ಗೊತ್ತೂ ಆಗಿಲ್ಲ.

ಹುಡುಗನಿಗೆ ಇಷ್ಟಕ್ಕೇ ಸಮಾಧಾನವಿಲ್ಲ. ಡಿಎನ್ಎಸ್ ಬದಲಿಸಿದರೆ 20 ಆಗುತ್ತದಂತೆ, ಯಾವನೋ ಯೂಟ್ಯೂಬ್‌ನಲ್ಲಿ ಹೇಳಿದ. ಸುಮ್ನೆ ಕಾಲಹರಣ. ಡಿಎನ್ಎಸ್ ಕೆಲಸ ಸರ್ವರ್‌ನ ವಿಳಾಸ ಹುಡುಕಿಕೊಡುವುದು. ಆಟ ಶುರುವಾದ ಮೇಲೆ ಅದಕ್ಕೆ ಅಲ್ಲಿ ಪಾತ್ರವೇ ಇಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಸಾವಿರ ಕಿಲೋಮೀಟರ್ ಹೋಗಿ ಬರುವುದಕ್ಕೇ 10 ಮಿಲಿಸೆಕೆಂಡ್ ಬೇಕು. ಮುಂಬೈವರೆಗಿನ ಕೇಬಲ್ ನೇರ ಗೆರೆಯಲ್ಲಿ ಇರುವುದಿಲ್ಲ, ದಾರಿಯಲ್ಲಿ ಸಿಗುವ ರೂಟರ್‌ಗಳೂ ತಮ್ಮ ಪಾಲು ತಗೊಳ್ಳುತ್ತವೆ. ಅವನು ನೋಡಬೇಕಾದದ್ದು ಬೇರೆ: ಸರ್ವರ್ ಮುಂಬೈಯದ್ದೇ ಇದೆಯಾ, ತಪ್ಪಿ ಸಿಂಗಪುರಕ್ಕೆ ಹೋಗಿದೆಯಾ ಅಂತ. ಜೊತೆಗೆ ಆಟದ ಸೆಟ್ಟಿಂಗ್ಸ್‌ನಲ್ಲಿ ಪ್ಯಾಕೆಟ್ ಲಾಸ್ ಗ್ರಾಫ್ ಆನ್ ಮಾಡಿಕೊಟ್ಟೆ. ಅದು ಸೊನ್ನೆಯಲ್ಲೇ ಇದೆ.

ಆಮೇಲಿನ ಮ್ಯಾಚೂ ಸೋತ. "ಟೀಮ್ ಸರಿಯಿಲ್ಲ ಮಾವ" ಅಂದ. ಅದಕ್ಕೆ ಎಸ್‌ಕ್ಯೂಎಂನಲ್ಲಿ ಮದ್ದಿಲ್ಲ. ಪ್ಲಾನ್ 40ರಲ್ಲೇ ಇರಲಿ. ಹಾಲ್‌ನ ನೆಲದ ಮೇಲಿರುವ ಕೇಬಲ್‌ಗೆ ಅಮ್ಮ ಆಗಲೇ ಎಡವಿದ್ದಾರೆ, ಎಲೆಕ್ಟ್ರಿಷಿಯನ್‌ನ ಕರೆಸಿ ಗೋಡೆ ಮೇಲೆ ಪೈಪ್ ಹಾಕಿಸಬೇಕು.