ಈ ಸೂಜಿ ಮೊದಲ ಯಾರಿಗೆ ಚುಚ್ಚಿದ್ದು?

ಮಂಗಳವಾರ ಬೆಳಿಗ್ಗೆ ಏಳಕ್ಕೆ, ಸಕ್ಕರೆ ಪರೀಕ್ಷೆಗೆ ರಕ್ತ ತೆಗೆಯಲು ಹೋದ, ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದ ಒಂದು ಮನೆಯಲ್ಲಿ, ರಟ್ಟೆಗೆ ರಬ್ಬರ್ ಪಟ್ಟಿ ಕಟ್ಟುವ ಮೊದಲೇ ಅವರು ಕೈ ಹಿಂದಕ್ಕೆ ಎಳೆದುಕೊಂಡರು. "ತಂಗಿ, ಈ ಸೂಜಿ ಮೊದಲ ಯಾರಿಗೆ ಚುಚ್ಚಿದ್ದು?" ಧಾರವಾಡ ಕಡೆಯವರು, ಎಪ್ಪತ್ತರ ಹತ್ತಿರದ ವಯಸ್ಸು. ಮಗ ಒಳಗಿನಿಂದಲೇ ಗದರಿದ: "ಯವ್ವಾ, ಏನ್ ಕೇಳಾಕತ್ತಿ? ಸುಮ್ಮನ ಕೈ ಕೊಡ."

ಗದರಬಾರದಿತ್ತು. ರಕ್ತ ಕೊಡುವವರು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಅವರ ಅನುಮಾನಕ್ಕೆ ಕಾರಣವೂ ಇತ್ತು. ಮೂರು ತಿಂಗಳ ಹಿಂದೆ ಬಂದ ಹುಡುಗ ಸೂಜಿಯನ್ನು ಪ್ಲಾಸ್ಟಿಕ್ ಹಿಡಿಕೆಗೆ, ಅಂದರೆ ಹೋಲ್ಡರ್‌ಗೆ ಮೊದಲೇ ತಿರುಗಿಸಿಕೊಂಡೇ ಒಳಗೆ ಬಂದಿದ್ದನಂತೆ. ಸೂಜಿ ಹೊಸದೇ ಇದ್ದೀತು. ಬೆಳಗಿನ ಹೊತ್ತಿನಲ್ಲಿ ಹತ್ತಾರು ಮನೆ ಮುಗಿಸಬೇಕಾದವನು ಒಂದು ನಿಮಿಷ ಉಳಿಸಿಕೊಂಡಿದ್ದಾನೆ, ಕೆಟ್ಟವನೇನಲ್ಲ. ಆದರೆ ಆ ಒಂದು ನಿಮಿಷಕ್ಕೆ ಈ ಹೆಂಗಸು ಮೂರು ತಿಂಗಳು ಒಳಗೊಳಗೇ ಹೆದರಿಕೊಂಡಿದ್ದಾರೆ. ಯಾರಿಗೂ ಹೇಳಿರಲಿಲ್ಲ.

ಬಿಚ್ಚದ ಸೂಜಿಯನ್ನು ಅವರ ಅಂಗೈಯಲ್ಲೇ ಇಟ್ಟಿದ್ದಾಯಿತು. ಟ್ಯೂಬಿಗೆ ರಕ್ತ ಎಳೆಯುವ ಸೂಜಿ ಎರಡು ತುಂಡಿನ ಗಟ್ಟಿ ಪ್ಲಾಸ್ಟಿಕ್ ಕವಚದೊಳಗೆ ಇರುತ್ತದೆ. ತುಂಡುಗಳು ಕೂಡುವಲ್ಲಿ ಸುತ್ತ ಕಾಗದದ ಪಟ್ಟಿ. ತಿರುಗಿಸಿದರೆ ಅದು ಹರಿಯಲೇಬೇಕು, ಹರಿದದ್ದು ಮತ್ತೆ ಕೂಡುವುದಿಲ್ಲ. ಹಸಿರು ಬಣ್ಣದ್ದು 21 ಗೇಜ್, ಕಪ್ಪು 22; ಗೇಜ್ ಅಂಕಿ ಏರಿದಷ್ಟೂ ಸೂಜಿ ತೆಳ್ಳಗೆ. ನರ ತೀರ ಸಣ್ಣದಾದವರಿಗೆ ಬಳಸುವ 23 ಗೇಜಿನ ಬಟರ್‌ಫ್ಲೈ ಸೂಜಿ ಬೇರೆ ಪೊಟ್ಟಣದಲ್ಲಿ ಬರುತ್ತದೆ, ಅದನ್ನೂ ಕಣ್ಣೆದುರೇ ಸೀಳಿಸಬೇಕು. ನಮ್ಮ ಮಳೆಗಾಲದಲ್ಲಿ ಇನ್ನೊಂದು ನೋಡಬೇಕು: ಚೀಲ ನೆನೆದು ಪೊಟ್ಟಣದ ಕಾಗದ ಒದ್ದೆಯಾಗಿದ್ದರೆ ಒಳಗಿನದು ಶುದ್ಧ ಎಂದು ನಂಬುವ ಹಾಗಿಲ್ಲ. ಹೊಸದಾದರೂ ಎಸೆಯಬೇಕು.

ಹೋಲ್ಡರ್ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕು. ಸೂಜಿಗೆ ಎರಡು ತುದಿ. ಹಿಂದಿನ ತುದಿಗೆ ರಬ್ಬರಿನ ತೊಡಿಕೆ ಇದ್ದರೂ ಟ್ಯೂಬು ಬದಲಿಸುವಾಗ ಹೋಲ್ಡರಿನೊಳಗೆ ಒಂದು ಹನಿ ಬೀಳುವುದುಂಟು. ದುಡ್ಡು ಉಳಿಸಲೆಂದು ಅದೇ ಹೋಲ್ಡರನ್ನು ದಿನವಿಡೀ ಬಳಸುವ ಕಡೆಗಳಿವೆ. ಇದು ತಪ್ಪು. ಹೋಲ್ಡರೂ ಸೂಜಿಯ ಜೊತೆಗೇ ಹೋಗಬೇಕು. ಕೈಗವಸೂ ಹಾಗೆಯೇ, ಒಬ್ಬರಿಗೆ ಒಂದು ಜೊತೆ. ಹಿಂದಿನ ಮನೆಯಿಂದ ಹಾಕಿಕೊಂಡು ಬಂದ ಕೈಗವಸು ಕಾಪಾಡುವುದು ತೊಟ್ಟವರನ್ನು ಮಾತ್ರ.

ಅವರ ಎರಡನೆಯ ಹೆದರಿಕೆ ಟ್ಯೂಬಿನೊಳಗಿನ ಔಷಧ ಮೈಗೆ ಹೋದರೆ ಎಂಬುದು. ಟ್ಯೂಬಿನಲ್ಲಿ ಗಾಳಿ ತೆಗೆದಿರುತ್ತದೆ, ಅದು ರಕ್ತವನ್ನು ತನ್ನತ್ತ ಎಳೆಯುತ್ತದೆ. ಆದರೂ ಟ್ಯೂಬನ್ನು ಮೇಲೆತ್ತಿ ಹಿಡಿದರೆ ಒಳಗಿನದು ಹಿಂದಕ್ಕೆ ಸರಿಯುವ ಸಾಧ್ಯತೆ ಇದೆ. ಅದಕ್ಕೇ ಕೈ ಕೆಳಗೆ ಇಳಿಬಿಡಬೇಕು, ಟ್ಯೂಬು ಚುಚ್ಚಿದ ಜಾಗಕ್ಕಿಂತ ಕೆಳಗಿರಬೇಕು. ರಬ್ಬರ್ ಪಟ್ಟಿ ಒಂದು ನಿಮಿಷ ಮೀರಬಾರದು. ಸ್ಪಿರಿಟ್ ಒರೆಸಿದ ಮೇಲೆ ಅರ್ಧ ನಿಮಿಷ ತಾನಾಗಿಯೇ ಆರಬೇಕು. ಬಾಯಿಂದ ಊದುವುದು, ಒರೆಸಿದ ಜಾಗವನ್ನು ಬೆರಳಿಂದ ಮತ್ತೆ ತಡವುವುದು ಎರಡೂ ಒರೆಸಿದ್ದನ್ನು ಹಾಳು ಮಾಡುತ್ತವೆ. ಸಕ್ಕರೆಗೆ ಬೂದು ಮುಚ್ಚಳದ ಟ್ಯೂಬು, ಮೂರು ತಿಂಗಳ ಸರಾಸರಿಗೆ ನೇರಳೆ. ನೇರಳೆ ಮೊದಲು, ಬೂದು ಕೊನೆಗೆ.

ಆಮೇಲೆ ಹತ್ತಿ ಒತ್ತಿ, ಕೈ ನೇರ ಇಟ್ಟುಕೊಂಡು ಎರಡು ಮೂರು ನಿಮಿಷ. ಮೊಣಕೈ ಮಡಚಿದರೆ ಒಳಗೆ ರಕ್ತ ಸೋರಿ ಮರುದಿನ ನೀಲಿಗಟ್ಟುತ್ತದೆ. ಅದನ್ನು ನೋಡಿ ಸೋಂಕು ಎಂದು ಹೆದರುವವರೇ ಹೆಚ್ಚು. ಸೋಂಕಾದರೆ ಜಾಗ ಕೆಂಪಾಗಿ, ಬಿಸಿಯಾಗಿ, ದಿನದಿಂದ ದಿನಕ್ಕೆ ನೋವು ಏರುತ್ತದೆ, ಕೀವು ಬರಬಹುದು, ಜ್ವರ ಬರಬಹುದು.

ಇಷ್ಟೆಲ್ಲ ಆಗುತ್ತಿರುವಾಗ ಯಜಮಾನರು ಟಿ.ವಿ. ಮೇಜಿನ ಮೇಲಿದ್ದ ಶುಗರ್ ಮಷೀನನ್ನು, ಬೆರಳು ಚುಚ್ಚುವ ಅದರ ಪೆನ್ನನ್ನು ಅಭಿಮಾನದಿಂದ ತೋರಿಸಿದರು. "ನಾನೂ ಆಕಿನೂ ದಿನಾ ನೋಡ್ಕೋತೀವ್ರಿ. ಪೆನ್ನಿನ ಸೂಜಿ ಐತವಾರಕ್ಕೊಮ್ಮೆ ಬದಲಿ ಮಾಡತೀನಿ."

"ಇಬ್ಬರಿಗೂ ಒಂದೇ ಸೂಜಿಯಾ?"

"ಮತ್ತ? ಮನೀ ಮಂದೀನ ಅಲ್ಲೇನ್ರೀ."

ಈ ಸೂಜಿ ಮೊದಲ ಯಾರಿಗೆ ಚುಚ್ಚಿದ್ದು? ವಾರವಿಡೀ ಆ ಮಾತು ತಲೆಯಲ್ಲಿ ಸುತ್ತುತ್ತಿದೆ. ಕೇಳಬೇಕಾದದ್ದು ಆ ಪೆನ್ನಿನ ಬಗ್ಗೆ. ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ವೈರಸ್ಸು ಒಣಗಿದ ರಕ್ತದಲ್ಲಿ ಕಡಿಮೆಯೆಂದರೂ 7 ದಿನ ಜೀವ ಹಿಡಿದಿರುತ್ತದೆ, ಕಣ್ಣಿಗೆ ಕಾಣದಷ್ಟು ರಕ್ತವೂ ಸಾಕು. ಸೋಂಕಿತರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದಾಗ ರೋಗ ದಾಟುವ ಪ್ರಮಾಣವನ್ನು ಆಸ್ಪತ್ರೆಗಳಲ್ಲಿ ಸೂಜಿ ತಾಗಿದ ಸಿಬ್ಬಂದಿಯಿಂದ ಲೆಕ್ಕ ಹಾಕಿದ್ದಾರೆ: ಎಚ್‌ಐವಿ 1000ಕ್ಕೆ ಸುಮಾರು 3, ಹೆಪಟೈಟಿಸ್ ಸಿ ಹಳೆಯ ಲೆಕ್ಕದಲ್ಲಿ 100ಕ್ಕೆ ಸುಮಾರು 2 (ಈಚಿನ ಲೆಕ್ಕದಲ್ಲಿ ಅದಕ್ಕಿಂತ ಕಡಿಮೆ), ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ 100ಕ್ಕೆ 6ರಿಂದ 30. ಜನ ಎಚ್‌ಐವಿ ಹೆಸರು ಹಿಡಿದು ನಡುಗುತ್ತಾರೆ, ಲಸಿಕೆ ಇರುವ ಬಿ ಅವರ ನೆನಪಿಗೇ ಬರುವುದಿಲ್ಲ. ಈ ಬಿ, ಸಿ ಎರಡೂ ವರ್ಷಗಟ್ಟಲೆ ಯಾವ ಲಕ್ಷಣವೂ ಇಲ್ಲದೆ ಮೈಯಲ್ಲಿ ಕೂತಿರಬಲ್ಲವು. "ಮನೀ ಮಂದಿ" ಎಂಬ ನಂಬಿಕೆಗೆ ಅಲ್ಲಿ ಬೆಲೆಯಿಲ್ಲ.

ಸೂಜಿ ಮಾತ್ರ ಬದಲಿಸಿದರೂ ಸಾಲದು, ಪೆನ್ನಿನ ಬಾಯಿಗೂ ರಕ್ತ ತಾಗಿರುತ್ತದೆ. ಒಬ್ಬರಿಗೊಂದು ಪೆನ್ನು, ಪ್ರತಿ ಸಲ ಹೊಸ ಲ್ಯಾನ್ಸೆಟ್, ಅಂದರೆ ಪೆನ್ನಿನೊಳಗಿನ ಸೂಜಿ. ಮಷೀನು ಹಂಚಿಕೊಳ್ಳಲೇಬೇಕಾದರೆ ಪ್ರತಿ ಸಲವೂ ಅದರ ಪುಸ್ತಕದಲ್ಲಿ ಹೇಳಿದ ಹಾಗೆ ಒರೆಸಬೇಕು. ಬಳಸಿದ ಲ್ಯಾನ್ಸೆಟ್ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹೋಗಬೇಕು. ಕಸದ ಚೀಲಕ್ಕೆ ಹಾಕಿದರೆ ಕಸ ವಿಂಗಡಿಸುವವರ ಕೈಗೆ ಚುಚ್ಚುತ್ತದೆ, ಅವರಿಗೆ ಈ ಪ್ರಶ್ನೆ ಕೇಳುವ ಅವಕಾಶವೂ ಇಲ್ಲ. ಸೊಸೈಟಿಯಲ್ಲಿ, ಸಂಘದ ಸಭಾಂಗಣದಲ್ಲಿ ಉಚಿತ ಸಕ್ಕರೆ ತಪಾಸಣೆ ಇಟ್ಟಾಗಲೂ ಸಾಲಿನಲ್ಲಿ ನಿಂತವರು ನೋಡಿಕೊಳ್ಳಬೇಕು: ಒಮ್ಮೆ ಚುಚ್ಚಿದರೆ ತಾನೇ ಒಳಗೆ ಸರಿದು ಮತ್ತೆ ಹೊರಬಾರದ ಲ್ಯಾನ್ಸೆಟ್ ಇದೆಯೇ? ಪೆನ್ನು ಕೈಯಿಂದ ಕೈಗೆ ಹೋಗುತ್ತಿದ್ದರೆ ಬೆರಳು ಕೊಡಬೇಡಿ.

ಇಬ್ಬರಿಗೂ ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮಾಡಿಸಿ, ಬಿ ಇಲ್ಲದಿದ್ದರೆ ಡಾಕ್ಟರನ್ನು ಕೇಳಿ ಲಸಿಕೆ, ಇವತ್ತು, ತಿಂಗಳಿಗೆ, ಆರು ತಿಂಗಳಿಗೆ ಎಂದು ಚೀಟಿಯಲ್ಲಿ ಬರೆದುಕೊಟ್ಟದ್ದಾಯಿತು. ಯಜಮಾನರ ಮುಖ ಸಣ್ಣದಾಯಿತು. ತಪ್ಪು ಅವರದಲ್ಲ. ಪೆನ್ನು ಮಾರಿದವರು ಒಂದು ಮಾತು ಹೇಳಬಹುದಿತ್ತು.

ಊಟದ ನಂತರದ ರಕ್ತಕ್ಕೆ, ಮೊದಲ ತುತ್ತಿನಿಂದ ಎರಡು ಗಂಟೆ ಲೆಕ್ಕ ಹಾಕಿ, ಮತ್ತೆ ಹೋದಾಗ ಮೇಜಿನ ಮೇಲೆ ಎರಡು ಪೆನ್ನಿದ್ದವು. ಮಗನೇ ಮೆಡಿಕಲ್ಲಿಗೆ ಓಡಿ ತಂದಿದ್ದ. ಆ ತಾಯಿ ಕನ್ನಡಕ ಏರಿಸಿ, ಕೈ ಚಾಚಿ, ಮತ್ತೆ ಅರ್ಧಕ್ಕೆ ಹಿಡಿದರು.

"ಇದು?"

ಈ ಸಲ ಮಗ ಗದರಲಿಲ್ಲ. ಕಾಗದದ ಪಟ್ಟಿ ಹರಿಯುವುದನ್ನು ಮೂವರೂ ನೋಡಿದರು.